ಗೆರೆಯ ಬಳಿ ನಿಂತವನು

ಶ್ರಾವಣದ ಮಳೆ ಬಿಟ್ಟುಬಿಟ್ಟು ಬರುವ ದಿನಗಳಲ್ಲಿ ನಮ್ಮ ಕಡೆ ಶಾಲೆಗಳ ಆಟದ ಪಂದ್ಯಗಳು ನಡೆಯುತ್ತವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನ ಬಯಲಿಗೆ ಹೋದರೂ ನೋಟ ಒಂದೇ. ಬಾಡಿಗೆಯ ಗಾಡಿಗಳಿಂದ ಧುಮುಕಿದ ಹುಡುಗರು. ಮರದ ಬುಡದಲ್ಲಿ ಸಾಲಾಗಿ ಇಟ್ಟ ಬುತ್ತಿಯ ಗಂಟುಗಳು. ಹೆಸರು ಕರೆಯುವ ಧ್ವನಿವರ್ಧಕದ ಕರಕರ. ರಾತ್ರಿಯ ಮಳೆಗೆ ಅರ್ಧ ಕರಗಿದ ಸುಣ್ಣದ ಗೆರೆಯನ್ನು ಬಗ್ಗಿ ಮತ್ತೆ ಎಳೆಯುತ್ತಿರುವ ದೈಹಿಕ ಶಿಕ್ಷಕರು. ಪಂದ್ಯ ಆರಂಭವಾಯಿತೆಂದರೆ ಸುತ್ತ ನೆರೆದ ಜನರೆಲ್ಲ ಆಟಗಾರರನ್ನು ನೋಡುತ್ತಾರೆ. ಕೊರಳಿಗೆ ಸೀಟಿ ಕಟ್ಟಿಕೊಂಡು ಗೆರೆಯ ಬಳಿ ನಿಂತವನನ್ನು ಯಾರೂ ನೋಡುವುದಿಲ್ಲ. ಅವನು ತಪ್ಪಿದ ಗಳಿಗೆಯಲ್ಲಿ ಮಾತ್ರ ಬಯಲಿನ ಕಣ್ಣೆಲ್ಲ ಅವನ ಮೇಲೆಯೇ.

ಆ ಮನುಷ್ಯನ ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಶಾಲೆಯ ಚಾಕರಿಯಲ್ಲಿದ್ದಷ್ಟು ವರ್ಷ ನಾನೂ ಹಾಗೆ ನಿಂತವನು. ಹೊಗಳಿಸಿಕೊಂಡದ್ದು ಕಡಿಮೆ, ಬೈಸಿಕೊಂಡದ್ದು ಹೆಚ್ಚು. ಈಗ ಸೀಟಿ ಮೊಳೆಗೆ ತೂಗಿದೆ. ಆದುದರಿಂದ ನಿರ್ಭೀತಿಯಿಂದ ಬರೆಯಬಹುದೆಂದು ತೋರುತ್ತದೆ.

ಇಂದಿನ ಸುತ್ತೋಲೆಗಳಲ್ಲಿ ಇವನ ಹೆಸರು ‘ನಿರ್ಣಾಯಕ’. ನಮ್ಮ ಹಿರಿಯರು ಕಬಡ್ಡಿಯನ್ನು ‘ಹುತುತು’ ಎನ್ನುತ್ತಿದ್ದ ಕಾಲಕ್ಕೆ ಇವನು ‘ಪಂಚ’. ನನಗೆ ಆ ಹಳೆಯ ಹೆಸರೇ ಹೆಚ್ಚು ಪ್ರಿಯ. ಹೊಲದ ಬದುವಿನ ಜಗಳ, ಬಾವಿಯ ನೀರಿನ ಜಗಳಗಳನ್ನು ಕಟ್ಟೆಯ ಮೇಲೆ ಕುಳಿತು ಬಗೆಹರಿಸುವವರಿಗೂ ಅದೇ ಹೆಸರು. ಆದರೆ ಊರ ಪಂಚರಿಗಿರುವ ಒಂದು ಅನುಕೂಲ ಆಟದ ಪಂಚನಿಗಿಲ್ಲ. ಅವರು ಎರಡೂ ಕಡೆಯ ಮಾತು ಕೇಳಿ, ಎಲೆಯಡಿಕೆ ಮೆದ್ದು, ಮನಸ್ಸು ನಿಲ್ಲದಿದ್ದರೆ ‘ನಾಳೆ ಬರ್ರಿ’ ಎನ್ನಬಹುದು. ಇವನು ರೆಪ್ಪೆ ಬಡಿಯುವುದರೊಳಗೆ ಹೇಳಬೇಕು. ಸಾಕ್ಷಿಯೂ ತಾನೇ, ನ್ಯಾಯಾಧೀಶನೂ ತಾನೇ.

ಕಣ್ಣಿಗೆ ಕಾಣುವುದೆಷ್ಟು?

ಕಬಡ್ಡಿಯನ್ನೇ ತೆಗೆದುಕೊಳ್ಳೋಣ. ದಾಳಿಗೆ ಹೋದವನಿಗೆ ಇರುವ ಕಾಲ ೩೦ ಸೆಕೆಂಡು. ಅಷ್ಟರಲ್ಲಿ ಅವನ ಉಸಿರಿನ ‘ಕಬಡ್ಡಿ’ ಕಡಿಯಿತೇ, ಅವನ ಮುಂಗಾಲು ಅಡ್ಡಗೆರೆಯನ್ನು ದಾಟುವಾಗ ಹಿಂಗಾಲು ನೆಲ ಬಿಟ್ಟಿತ್ತೇ, ಅವನ ಬೆರಳ ತುದಿ ಎದುರಾಳಿಯ ಮೈಗೆ ತಾಗಿತೇ ಎಂಬುದನ್ನೆಲ್ಲ ನೋಡಬೇಕು. ಒಬ್ಬ ಮುಖ್ಯ ನಿರ್ಣಾಯಕ, ಎರಡು ಪಕ್ಕಗಳಲ್ಲಿ ಇಬ್ಬರು ಪಂಚರು, ಅಂಕ ಬರೆಯುವವರು ಎಂದು ನಿಯಮದಲ್ಲಿದೆ. ಆದರೂ ಮುಟ್ಟಿದ್ದು ನಿಜವಾಗಿ ತಿಳಿಯುವುದು ಇಬ್ಬರಿಗೇ: ಮುಟ್ಟಿದವನಿಗೆ ಮತ್ತು ಮುಟ್ಟಿಸಿಕೊಂಡವನಿಗೆ. ಇಬ್ಬರಿಗೂ ತಂತಮ್ಮ ಪಕ್ಷವಿದೆ. ಮೂರನೆಯವನಿಗೆ ಪಕ್ಷವಿಲ್ಲ, ಆದರೆ ಅವನಿಗೆ ಸ್ಪರ್ಶವೂ ಇಲ್ಲ. ಇರುವುದು ಬರಿಯ ನೋಟ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದೇ ಅವನ ಕಸುಬು.

ಖೊಖೊ ಆಟದಲ್ಲಿ ಕಣ್ಣಿನ ಜೊತೆ ಕಿವಿಯೂ ಬೇಕು. ಕುಳಿತವನ ಬೆನ್ನಿಗೆ ಕೈ ತಾಗುವುದೂ ಬಾಯಿಂದ ‘ಖೋ’ ಹೊರಡುವುದೂ ಒಟ್ಟಿಗೇ ಆಗಬೇಕು. ಶಬ್ದ ಮೊದಲಾಗಿ ಕೈ ಆಮೇಲೆ ಬಂದರೆ ತಪ್ಪು; ಕುಳಿತವನು ಖೋ ಬೀಳುವ ಮೊದಲೇ ಎದ್ದರೂ ತಪ್ಪು. ಸವಣೂರಿನ ಬಯಲೊಂದರಲ್ಲಿ ಒಮ್ಮೆ ಹೆಣ್ಣುಮಕ್ಕಳ ಪಂದ್ಯಕ್ಕೆ ಸೀಟಿ ಹಿಡಿದಿದ್ದೆ. ಪಕ್ಕದ ರಸ್ತೆಯಲ್ಲಿ ಸಂತೆಯ ಗದ್ದಲ, ಮೇಲೆ ಧ್ವನಿವರ್ಧಕ. ಒಂದು ಮಗುವಿನ ಧ್ವನಿ ಸಹಜವಾಗಿಯೇ ಸಣ್ಣದು. ಅವಳು ‘ಖೋ’ ಎಂದದ್ದು ನನಗೆ ಕೇಳಿಸಲಿಲ್ಲ. ಮೂರು ಸಲ ತಪ್ಪೆಂದು ಸೀಟಿ ಊದಿದೆ. ನಾಲ್ಕನೆಯ ಸಲ ಅವಳ ತುಟಿಯನ್ನು ನೋಡಿದೆ. ಅವಳು ಪ್ರತಿಸಲವೂ ಹೇಳುತ್ತಲೇ ಇದ್ದಳು! ಆಟ ನಿಲ್ಲಿಸಿ ಧ್ವನಿವರ್ಧಕವನ್ನು ಬಂದ್ ಮಾಡಿಸಿದೆ. ಆದರೆ ಹೋದ ಮೂರು ಸೀಟಿಗಳನ್ನು ಮರಳಿ ನುಂಗುವುದು ಹೇಗೆ? ಕೇಳಿಸದಿರುವುದಕ್ಕೂ ಹೇಳದಿರುವುದಕ್ಕೂ ಎಷ್ಟು ಅಂತರವೆಂಬುದು ಅಂದು ನನಗೆ ಅರಿವಾಯಿತು.

ಬಾಸ್ಕೆಟ್‌ಬಾಲ್ ನಮ್ಮ ನಾಲ್ಕು ತಾಲೂಕುಗಳ ಮಣ್ಣಿಗೆ ಕಬಡ್ಡಿಯಷ್ಟು ಒಗ್ಗಿದ ಆಟವಲ್ಲ. ಅದಕ್ಕೆ ಗಟ್ಟಿ ನೆಲ ಬೇಕು, ಕಂಬ ಬೇಕು, ಪುಟಿಯುವ ಚೆಂಡು ಬೇಕು. ಕಬಡ್ಡಿಗೆ ಒಂದು ಬುಟ್ಟಿ ಸುಣ್ಣ ಸಾಕು. ಆದರೂ ನಿರ್ಣಾಯಕನ ಸಂಕಟವನ್ನು ಅರಿಯಲು ಆ ಆಟದಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು, ಚಳಿಗಾಲದಲ್ಲಿ ಒಳಗೆ ಆಡಲೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ ಈ ಆಟವನ್ನು ಹೂಡಿದನು. ಅವನು ಬರೆದ ಮೊದಲ ನಿಯಮಗಳು ಹದಿಮೂರೇ. ಅಷ್ಟರಲ್ಲಿಯೂ ನಿರ್ಣಾಯಕರಿಗೆಂದೇ ಎರಡನ್ನು ಮೀಸಲಿಟ್ಟನು: ಒಬ್ಬನು ಆಳುಗಳನ್ನು ನೋಡತಕ್ಕವನು, ಇನ್ನೊಬ್ಬನು ಚೆಂಡನ್ನು ನೋಡತಕ್ಕವನು. ಒಬ್ಬ ಮನುಷ್ಯನ ಕಣ್ಣಿಗೆ ಎರಡೂ ಒಟ್ಟಿಗೆ ಸಿಕ್ಕುವುದಿಲ್ಲವೆಂದು ಆ ಮಾಸ್ತರನಿಗೆ ಮೊದಲ ದಿನವೇ ತಿಳಿದಿತ್ತು.

ಆ ಆಟದಲ್ಲಿ ಇಂದಿಗೂ ಅತಿ ಕಠಿಣವಾದ ತೀರ್ಪು ಒಂದಿದೆ. ಚೆಂಡು ಹಿಡಿದು ನುಗ್ಗಿದವನೂ ಅಡ್ಡ ನಿಂತವನೂ ಡಿಕ್ಕಿ ಹೊಡೆದು ಇಬ್ಬರೂ ಬೀಳುತ್ತಾರೆ. ತಪ್ಪು ಯಾರದು? ಅಡ್ಡ ನಿಂತವನು ಎರಡೂ ಕಾಲೂರಿ, ಎದುರು ಮುಖವಾಗಿ, ಮೊದಲೇ ಆ ಜಾಗವನ್ನು ಹಿಡಿದಿದ್ದರೆ ನುಗ್ಗಿದವನದು. ಇಲ್ಲವಾದರೆ ಅಡ್ಡ ಬಂದವನದು. ಬಿದ್ದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಬೀಳುವುದಕ್ಕೆ ಮೊದಲು ಯಾರ ಕಾಲನ್ನು ನೋಡುತ್ತಿದ್ದೆ ಎಂಬುದರ ಮೇಲೆ ನ್ಯಾಯ ನಿಂತಿದೆ. ಜನರು ಬಿದ್ದುದನ್ನು ನೋಡುತ್ತಾರೆ. ನಿರ್ಣಾಯಕನು ಬೀಳುವ ಮುಂಚಿನದನ್ನು ನೋಡಿರಬೇಕು. ಬಯಲಿನ ಜಗಳಗಳಲ್ಲಿ ಅರ್ಧಕ್ಕರ್ಧ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ವಿರಾಟನ ಪಗಡೆ

ಕಣ್ಣಿನ ಮಾತು ಇಷ್ಟಾಯಿತು. ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ.

ನಮ್ಮ ಶಾಲೆಯ ಪಂದ್ಯಗಳಿಗೆ ಹೊರಗಿನಿಂದ ನಿರ್ಣಾಯಕರು ಬರುವುದು ಅಪರೂಪ. ತಾಲೂಕಿನ ದೈಹಿಕ ಶಿಕ್ಷಕರೇ ಆ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ತನ್ನ ಶಾಲೆಯ ಹುಡುಗರಿಗೆ ‘ಹೀಗೆ ಹಿಡಿ, ಹಾಗೆ ತಪ್ಪಿಸು’ ಎಂದು ಹೇಳಿದ ಮಾಸ್ತರನೇ ಮಧ್ಯಾಹ್ನ ಪಕ್ಕದ ಅಂಕಣದಲ್ಲಿ ಪಂಚನಾಗುತ್ತಾನೆ. ತನ್ನ ಶಾಲೆಯ ಪಂದ್ಯಕ್ಕೆ ತಾನೇ ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಈ ಪಂದ್ಯದಲ್ಲಿ ಗೆದ್ದವರು ನಾಳೆ ತನ್ನ ಹುಡುಗರಿಗೆ ಎದುರಾಗುವವರು! ಬಲಿಷ್ಠರು ಇಂದೇ ಸೋತರೆ ತನಗೆ ಹಿತ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ. ಒಂದೊಂದು ಮೆಟ್ಟಿಲಿಗೂ ಹುಡುಗನ ಪ್ರಮಾಣಪತ್ರದ ತೂಕ ಹೆಚ್ಚುತ್ತದೆ. ಹೀಗಿರುವಾಗ ಮಾಸ್ತರನು ಎಷ್ಟು ಪ್ರಾಮಾಣಿಕನಾದರೂ ನೋಡುವವರ ಮನಸ್ಸಿನಲ್ಲಿ ಸಂಶಯದ ಹುಳು ಇದ್ದೇ ಇರುತ್ತದೆ. ಅವನು ಮೋಸ ಮಾಡಿದನೆಂದಲ್ಲ, ಮಾಡಬಹುದಾದ ಜಾಗದಲ್ಲಿ ನಿಂತಿದ್ದನೆಂದು.

ಹಾನಗಲ್ಲಿನ ಪ್ರಾಚೀನ ಹೆಸರು ಪಾನುಂಗಲ್ಲು. ಕದಂಬರ ಒಂದು ಶಾಖೆ ಆಳಿದ ಊರು. ತಾರಕೇಶ್ವರನ ಗುಡಿಯ ಕಮಲದ ಛತ್ತನ್ನು ನೋಡದೆ ಯಾರೂ ಆ ಊರಿನಿಂದ ಮರಳುವುದಿಲ್ಲ. ಮಹಾಭಾರತದ ವಿರಾಟನಗರ ಇದೇ ಎಂಬ ಪ್ರತೀತಿಯೂ ಅಲ್ಲಿದೆ. ಪ್ರತೀತಿಯ ಸತ್ಯಾಸತ್ಯ ಹೇಗಾದರೂ ಇರಲಿ, ಆ ಬಯಲಿನಲ್ಲಿ ನಿಂತಾಗಲೆಲ್ಲ ನನಗೆ ವಿರಾಟಪರ್ವದ ಪಗಡೆಯ ಪ್ರಸಂಗ ನೆನಪಾಗುತ್ತದೆ. ಗೋಗ್ರಹಣದಲ್ಲಿ ಕೌರವರನ್ನು ಗೆದ್ದವನು ತನ್ನ ಮಗ ಉತ್ತರನೆಂದು ವಿರಾಟನು ಹಿಗ್ಗುತ್ತಿದ್ದಾನೆ. ಎದುರು ಕುಳಿತ ಕಂಕಭಟ್ಟನು, ಅಂದರೆ ವೇಷ ಮರೆಸಿದ ಧರ್ಮರಾಯನು, ‘ಬೃಹನ್ನಳೆ ಸಾರಥಿಯಾಗಿರಲು ಗೆಲುವಿಗೇನು ಕೊರತೆ’ ಎಂಬರ್ಥದ ಮಾತಾಡುತ್ತಾನೆ. ಅದು ನಿಜ. ಆದರೆ ಮಗನ ಗೆಲುವಿನ ಮಾತು ಬಂದಾಗ ತಂದೆಗೆ ನಿಜ ಬೇಡ. ಕೈಯಲ್ಲಿದ್ದ ಪಗಡೆಯನ್ನು ಮುಖಕ್ಕೆ ಎಸೆಯುತ್ತಾನೆ. ನೆತ್ತರು ನೆಲಕ್ಕೆ ಬೀಳದಂತೆ ಸೈರಂಧ್ರಿ ಹಿಡಿದುಕೊಳ್ಳುತ್ತಾಳೆ.

ವಿರಾಟನು ಕೆಟ್ಟ ಅರಸನಲ್ಲ. ಆದರೆ ತಂದೆಯಾಗಿದ್ದನು. ಧರ್ಮರಾಯನೇ ಬಂದು ತೀರ್ಪು ಹೇಳಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪ್ರತಿಯೊಂದು ಶಾಲೆಯ ಹಿಂದೆಯೂ ಒಬ್ಬ ವಿರಾಟನಿದ್ದಾನೆ. ನಮ್ಮ ಹುಡುಗರ ಪಂದ್ಯ ನಡೆದಾಗ ನಾನೂ ವಿರಾಟನೇ ಆಗಿದ್ದೆನೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಬೇವಿನ ನೆರಳು

ಇನ್ನು ನನ್ನ ತಪ್ಪಿನ ಕಥೆ.

ಹಾವೇರಿ ಬೇರೆ ಜಿಲ್ಲೆಯಾದುದು ೧೯೯೭ರಲ್ಲಿ. ಅದಾದ ಎರಡು ಮೂರು ವರ್ಷಗಳ ಮಾತು. ಊರಿನ ಹೆಸರು ಬೇಡ. ನಾಲ್ಕು ತಾಲೂಕುಗಳಲ್ಲೊಂದು ಎಂದರೆ ಸಾಕು. ಪ್ರೌಢಶಾಲೆಯ ಹುಡುಗರ ಕಬಡ್ಡಿಯ ಕೊನೆಯ ಪಂದ್ಯ. ಮಧ್ಯಾಹ್ನದ ಮೂರು ಗಂಟೆ. ಮಳೆ ಹೊಳವಾಗಿ ಚುರುಗುಟ್ಟುವ ಬಿಸಿಲು. ನಾನು ಒಂದು ಪಕ್ಕದ ಪಂಚ. ಅಂಕಣದ ಆ ಅಂಚಿಗೆ ಒಂದು ಬೇವಿನ ಮರವಿತ್ತು. ಅದರ ನೆರಳು ಗೆರೆಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಬೀಳುತ್ತಿತ್ತು. ಬೆಳಗಿನಿಂದ ಐದು ಪಂದ್ಯಗಳಿಗೆ ನಿಂತ ಕಾಲುಗಳು. ಯಾವಾಗ ಆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆನೋ ನನಗೇ ತಿಳಿಯದು.

ಅಂಕ ಸಮ. ಕೊನೆಯ ದಾಳಿ. ದಾಳಿಗಾರ ಸಣಕಲ ಹುಡುಗ, ಆದರೆ ಮಿಂಚು. ನನ್ನ ಕಡೆಯ ಮೂಲೆಯವನತ್ತ ಕಾಲು ಚಾಚಿ, ತಿರುಗಿ, ಪಕ್ಕದ ಲಾಬಿಯ ಪಟ್ಟಿಯಲ್ಲಿ ಹೆಜ್ಜೆಯಿಟ್ಟು ಓಡಿ ಅಡ್ಡಗೆರೆ ಮುಟ್ಟಿದ. ಓದುಗರಿಗೆ ನಿಯಮವನ್ನು ಸ್ವಲ್ಪ ತಿಳಿಸಬೇಕು. ಅಂಕಣದ ಎರಡು ಪಕ್ಕಗಳಲ್ಲಿ ಒಂದೊಂದು ಮೀಟರಿನ ಪಟ್ಟಿ ಇರುತ್ತದೆ. ಎದುರಾಳಿಯನ್ನು ಮುಟ್ಟಿ ಹೋರಾಟ ಆರಂಭವಾದ ಮೇಲೆ ಆ ಪಟ್ಟಿಯೂ ಅಂಕಣವೇ. ಮುಟ್ಟುವ ಮೊದಲು ಅಲ್ಲಿ ಕಾಲಿಟ್ಟರೆ ಔಟು. ಆದುದರಿಂದ ಎಲ್ಲವೂ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಆ ಕಾಲಿನ ಹೆಬ್ಬೆರಳು ಮೂಲೆಯವನ ಮೊಣಕಾಲಿನ ಕೆಳಗೆ ತಾಗಿತೋ ಇಲ್ಲವೋ? ತಾಗಿದ್ದರೆ ಇವರು ಒಂದು ಅಂಕದಿಂದ ಗೆದ್ದರು, ತಾಗದಿದ್ದರೆ ಅವರು.

ಮೂಲೆಯವನ ಬೆನ್ನು ನನಗೆ ಅಡ್ಡವಾಗಿತ್ತು. ಗೆರೆಯ ಬಳಿಯೇ ಇದ್ದಿದ್ದರೆ ಕಾಣುತ್ತಿತ್ತು. ನನಗೆ ಕಂಡದ್ದು ಪಟ್ಟಿಯಲ್ಲಿ ಬಿದ್ದ ಹೆಜ್ಜೆ ಮಾತ್ರ. ಸೀಟಿ ಊದಿ ಔಟೆಂದು ಕೈ ತೋರಿಸಿದೆ.

ಹುಡುಗ ಜಗಳವಾಡಲಿಲ್ಲ. ಹತ್ತಿರ ಬಂದು, “ಮುಟ್ಟೇನ್ರೀ ಸರ” ಎಂದ. ಅಷ್ಟೇ. ನಾನು ಮೂಲೆಯವನ ಮುಖ ನೋಡಿದೆ. ಅವನು ತನ್ನ ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತಿದ್ದ. ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಆದರೆ ಸೀಟಿ ಊದಿ ಆಗಿತ್ತು. ಒಂದು ಕಡೆಯ ಜನ ಕುಣಿಯುತ್ತಿದ್ದರು. ಮುಖ್ಯ ನಿರ್ಣಾಯಕರು ನನ್ನತ್ತ ನೋಡಿದಾಗ ತಲೆಯಾಡಿಸಿದೆ. ತಪ್ಪು ತೀರ್ಪು ಕೊಟ್ಟದ್ದು ಒಂದು ತಪ್ಪು. ಸಂಶಯ ಬಂದ ಮೇಲೂ ಇನ್ನೊಬ್ಬ ಪಂಚರನ್ನು ಕೇಳೋಣವೆನ್ನದೆ ತಲೆಯಾಡಿಸಿದ್ದು ಎರಡನೆಯದು. ಮೊದಲನೆಯದು ಕಣ್ಣಿನ ತಪ್ಪು, ಎರಡನೆಯದು ಮನಸ್ಸಿನದು. ಇಷ್ಟು ವರ್ಷಗಳಾದರೂ ಚುಚ್ಚುವುದು ಎರಡನೆಯದೇ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಆ ಮೂಲೆಯ ಹುಡುಗ ನಿಂತಿದ್ದ. ನನ್ನನ್ನು ಹುಡುಕಿಕೊಂಡೇ ಬಂದಂತಿತ್ತು. “ಅಂವಾ ಮುಟ್ಟಿದ್ದಾರೀ ಸರ. ನಾ ಹೇಳಲಿಲ್ಲ” ಎಂದು ನೆಲ ನೋಡುತ್ತ ಹೇಳಿದ. ಅವನಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅಂಕಪಟ್ಟಿಗೆ ಸಹಿಯಾಗಿತ್ತು, ಗೆದ್ದವರ ಹೆಸರು ಮೇಲಿನ ಪಂದ್ಯಕ್ಕೆ ಹೋಗಿತ್ತು. ನಾನು ಊರಿಗೆ ಹೋಗುವ ಬಸ್ಸು ಬಿಟ್ಟು, ಸೋತ ಶಾಲೆಯ ಊರಿಗೆ ಹೋಗುವ ಬಸ್ಸು ಹತ್ತಿದೆ.

ಆ ಶಾಲೆಯ ದೈಹಿಕ ಶಿಕ್ಷಕರು ನನಗಿಂತ ಹಿರಿಯರು. ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹುಡುಗರ ಮುಂದನೂ ಹೇಳ್ರಿ” ಎಂದರು. ವರ್ಗದೊಳಗೆ ಕರೆದುಕೊಂಡು ಹೋದರು. ಹೇಳಿದೆ. ಸಣಕಲ ಹುಡುಗ ಹಿಂದಿನ ಬೆಂಚಿನಲ್ಲಿದ್ದ. ನಕ್ಕನೂ ಇಲ್ಲ, ಅತ್ತನೂ ಇಲ್ಲ. ಅವನಿಗೆ ಅದು ಹತ್ತನೆಯ ಇಯತ್ತೆ. ಮುಂದಿನ ವರ್ಷ ಶಾಲೆಯ ಪಂದ್ಯ ಅವನ ಪಾಲಿಗಿರಲಿಲ್ಲ. ನನ್ನ ಕ್ಷಮಾಪಣೆಯಿಂದ ಅವನಿಗೆ ದೊರೆತದ್ದೇನು? ಏನೂ ಇಲ್ಲವೆಂದೇ ಹೇಳಬೇಕು.

ಬೀಳ್ಕೊಡುವಾಗ ಆ ಹಿರಿಯರು ಹೇಳಿದ ಮಾತು ಒಂದೇ: “ಬರೂ ವರ್ಷಾನೂ ನೀವ ಬರ್ರಿ. ಆದ್ರ ಬಿಸಲಾಗ ನಿಂದರ್ರಿ.”

ನಾನು ನೆರಳಿಗೆ ಸರಿದದ್ದನ್ನು ಅವರು ಅಂದೇ ನೋಡಿದ್ದರು.

ದೊಡ್ಡ ಅಂಕಣಗಳಲ್ಲಿ

ಹಳ್ಳಿಯ ಬಯಲಿನಲ್ಲಿ ಯಂತ್ರದ ಕಣ್ಣಿಲ್ಲ, ಅದಕ್ಕೇ ಇಂತಹ ತಪ್ಪು ಎನ್ನುವವರುಂಟು. ಅವರು ೨೦೨೩ರ ಅಕ್ಟೋಬರ್ ೭ರಂದು ಚೀನದ ಹಾಂಗ್‌ಝೌ ನಗರದಲ್ಲಿ ನಡೆದುದನ್ನು ನೆನೆಯಬೇಕು. ಏಷ್ಯನ್ ಕ್ರೀಡೆಗಳ ಪುರುಷರ ಕಬಡ್ಡಿಯ ಅಂತಿಮ ಪಂದ್ಯ; ಭಾರತಕ್ಕೂ ಇರಾನಿಗೂ ೨೮-೨೮ರ ಸಮ. ಉಳಿದುದು ಒಂದು ನಿಮಿಷದ ಆಸುಪಾಸು. ಭಾರತದ ನಾಯಕ ಪವನ್ ಸೆಹ್ರಾವತ್ ದಾಳಿಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಯ ಪಟ್ಟಿಗೆ ಹೋದ. ಅವನ ಬೆನ್ನಿಗೆ ಇರಾನಿನ ರಕ್ಷಕರೂ ಅಲ್ಲಿಗೆ ಬಂದರು. ಹೋದವನೊಬ್ಬನೇ ಔಟೋ, ಹಿಂದೆ ಬಂದವರೂ ಔಟೋ? ಹಳೆಯ ನಿಯಮ ಒಂದು ಹೇಳುತ್ತಿತ್ತು, ಹೊಸದು ಇನ್ನೊಂದು. ತೀರ್ಪು ಅತ್ತ ಹೋಯಿತು, ಇತ್ತ ಬಂದಿತು. ಆಟಗಾರರು ಅಂಕಣದಲ್ಲಿಯೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತವು ೩೩-೨೯ರಿಂದ ಗೆದ್ದಿತು. ನಾವು ಸಂತೋಷಪಟ್ಟೆವು. ಆದರೆ ಸೀಟಿ ಹಿಡಿದವರ ಪಾಲಿಗೆ ಅದು ಸಂತೋಷದ ದಿನವಾಗಿರಲಿಲ್ಲ.

ಅಲ್ಲಿ ಯಂತ್ರದ ಕಣ್ಣು ಇತ್ತು. ಯಾರ ಕಾಲು ಎಲ್ಲಿತ್ತೆಂದು ಎಲ್ಲರಿಗೂ ಕಂಡಿತು. ಕಾಣದೆ ಹೋದದ್ದು ಕಾಲಲ್ಲ, ಕಾನೂನು. ಯಾವ ನಿಯಮದಡಿಯಲ್ಲಿ ಆಡುತ್ತಿದ್ದೇವೆಂದು ಆರಂಭದಲ್ಲೇ ಎಲ್ಲರಿಗೂ ಒಂದೇ ರೀತಿಯಾಗಿ ತಿಳಿದಿರದಿದ್ದರೆ ಸಾವಿರ ಕಣ್ಣಿದ್ದರೂ ಅಷ್ಟೇ. ಬೇವಿನ ಮರದ ಕೆಳಗೆ ನನಗೆ ನಿಯಮ ಗೊತ್ತಿತ್ತು, ಕಣ್ಣು ತಪ್ಪಿತು. ಹಾಂಗ್‌ಝೌನಲ್ಲಿ ಕಣ್ಣಿತ್ತು, ನಿಯಮ ಕವಲೊಡೆಯಿತು. ಪಟ್ಟಿ ಮಾತ್ರ ಅದೇ, ಒಂದು ಮೀಟರಿನದು!

ಇನ್ನೊಂದು ಉದಾಹರಣೆ ಬಾಸ್ಕೆಟ್‌ಬಾಲಿನದು. ೧೯೭೨ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಲಿಂಪಿಕ್ಸಿನ ಅಂತಿಮ ಪಂದ್ಯ. ಮೂರು ಸೆಕೆಂಡು ಉಳಿದಿರಲು ಅಮೆರಿಕ ೫೦, ಸೋವಿಯತ್ ರಷ್ಯ ೪೯. ಗಡಿಯಾರದ ಗೊಂದಲದಿಂದ ಆ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಅಂಕಣದ ಮೇಲೆ ಅಧಿಕಾರವಿಲ್ಲದ, ಆದರೆ ಸಂಘದಲ್ಲಿ ದೊಡ್ಡ ಪದವಿಯಿದ್ದ ವ್ಯಕ್ತಿಯೊಬ್ಬರು ಕೆಳಗಿಳಿದು ಬಂದು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿರೆಂದು ಹೇಳಿದರು. ಕೊನೆಯ ಸಲ ರಷ್ಯದವರು ಚೆಂಡು ಹಾಕಿ ೫೧-೫೦ರಿಂದ ಗೆದ್ದರು. ಅಮೆರಿಕದ ಆಟಗಾರರು ಬೆಳ್ಳಿಯ ಪದಕ ಮುಟ್ಟಲಿಲ್ಲ. ಗಡಿಯಾರವನ್ನು ತಿದ್ದಿದುದು ನ್ಯಾಯವೇ ಆಗಿದ್ದಿರಬಹುದು. ಆದರೆ ತಿದ್ದಿದ ಕೈ ನಿರ್ಣಾಯಕನದಾಗಿರಲಿಲ್ಲ.

ಈ ಸಂಗತಿಯನ್ನು ಓದಿದಾಗ ನನಗೆ ಮ್ಯೂನಿಕ್ ಬಹಳ ದೂರವೆನಿಸಲಿಲ್ಲ. ನಮ್ಮ ಬಯಲುಗಳಲ್ಲಿಯೂ ಹಂದರ ಹಾಕಿದ ವೇದಿಕೆ ಇರುತ್ತದೆ. ಅದರ ಮೇಲೆ ಕುಳಿತವರು ದೂರದಿಂದ ಕೈ ಮಾಡುತ್ತಾರೆ, ಒಮ್ಮೊಮ್ಮೆ ಇಳಿದೂ ಬರುತ್ತಾರೆ. “ಹುಡುಗರದು ಇರ್ಲಿ ಬಿಡ್ರಿ ಮಾಸ್ತರ, ಇನ್ನೊಮ್ಮೆ ಆಡಸ್ರಿ” ಎಂಬ ಮಾತು ಎಷ್ಟು ಔದಾರ್ಯದ್ದಾಗಿ ಕೇಳಿಸುತ್ತದೆ! ಆ ಔದಾರ್ಯಕ್ಕೆ ಒಮ್ಮೆ ಮಣಿದರೆ ಮುಗಿಯಿತು. ಅಂದಿನಿಂದ ಹುಡುಗರು ಸೀಟಿಯ ಕಡೆ ನೋಡುವುದಿಲ್ಲ. ವೇದಿಕೆಯ ಕಡೆ ನೋಡುತ್ತಾರೆ.

ವಿಶ್ವಾಸ ಎಲ್ಲಿಂದ ಬರುತ್ತದೆ?

ಹಾಗಾದರೆ ನಿರ್ಣಾಯಕನು ಒಮ್ಮೆ ಹೇಳಿದುದನ್ನು ಎಂದೂ ಬದಲಿಸಬಾರದೇ? ಬದಲಿಸಿದರೆ ಬೆಲೆ ಹೋಗುತ್ತದೆಂದು ನಮ್ಮ ಕಾಲದ ಬಹುಮಂದಿ ನಂಬಿದ್ದರು. ಬೇವಿನ ಮರದ ಕೆಳಗೆ ನನ್ನನ್ನು ತಲೆಯಾಡಿಸುವಂತೆ ಮಾಡಿದ್ದೂ ಆ ನಂಬಿಕೆಯೇ.

ಇದಕ್ಕೆ ಉತ್ತರವಾಗಿ ನಮ್ಮ ನಾಡಿನವನೊಬ್ಬನ ಪ್ರಸಂಗವಿದೆ. ೧೯೮೦ರ ಫೆಬ್ರವರಿ, ಮುಂಬಯಿಯ ಸುವರ್ಣಮಹೋತ್ಸವ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ವಿಕೆಟ್ಟಿನ ಹಿಂದೆ ಕ್ಯಾಚಾದನೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಅನಿಸಿತು. ಅವರು ಅಂಪೈರರಲ್ಲಿ ಕೇಳಿಕೊಂಡು ಟೇಲರನನ್ನು ಮರಳಿ ಕರೆಸಿದರು. ಟೇಲರನೂ ಬಾಥಮನೂ ಕೂಡಿ ೧೭೧ ಓಟ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಆ ಪಂದ್ಯದ ಅಂಕೆಗಳನ್ನು ಮರೆತವರಿಗೂ ವಿಶ್ವನಾಥರು ಟೇಲರನನ್ನು ಕರೆದುದು ನೆನಪಿದೆ. ಬೆರಳು ಇಳಿಸಿದ ಅಂಪೈರರನ್ನು ದುರ್ಬಲರೆಂದು ಹೇಳಿದವರನ್ನು ನಾನು ಕಂಡಿಲ್ಲ.

ತಪ್ಪನ್ನು ತಿದ್ದುವುದಕ್ಕೂ ಒತ್ತಡಕ್ಕೆ ಮಣಿಯುವುದಕ್ಕೂ ಇರುವ ಭೇದವನ್ನು ಹುಡುಗರು ಚೆನ್ನಾಗಿ ಬಲ್ಲರು. ಮುಂದಿನ ದಾಳಿ ಹೊರಡುವ ಮೊದಲು, ಸಹಪಂಚನನ್ನು ಕರೆದು, ಇಬ್ಬರೂ ನಾಯಕರಿಗೆ ಕೇಳುವಂತೆ ‘ನನಗೆ ಕಾಣಲಿಲ್ಲ, ಇವರಿಗೆ ಕಂಡಿತು’ ಎಂದು ತಿದ್ದಿದರೆ ಅದು ನ್ಯಾಯ. ಕೂಗು ಜೋರಾದ ಮೇಲೆ ತಿದ್ದಿದರೆ ಅದೇ ತೀರ್ಪು ಅಂಜಿಕೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯ ದಾರಿ: ಆ ಕಡೆಗೆ ಅನ್ಯಾಯವಾಯಿತೆಂದು ಐದು ನಿಮಿಷದ ಮೇಲೆ ಈ ಕಡೆಗೊಂದು ಅನ್ಯಾಯ ಮಾಡಿ ತಕ್ಕಡಿ ಸರಿದೂಗಿಸುವುದು. ಒಳ್ಳೆಯ ಮನಸ್ಸಿನ ಮಾಸ್ತರರೇ ಈ ಹೊಂಡದಲ್ಲಿ ಬೀಳುತ್ತಾರೆ. ಎರಡು ಸುಳ್ಳು ಕೂಡಿದರೆ ಒಂದು ನಿಜವಾಗುವುದಿಲ್ಲ. ಮೊದಲು ಒಂದು ಶಾಲೆಯ ವಿಶ್ವಾಸ ಹೋಗಿತ್ತು, ಈಗ ಎರಡರದೂ ಹೋಯಿತು.

ಹಿರೇಕೆರೂರ ಕಡೆಯ ಅಬಲೂರಿನ ಗುಡಿಯಲ್ಲಿ ಒಂದು ಹಳೆಯ ಶಾಸನವಿದೆ. ಎರಡು ಮತದವರ ನಡುವಿನ ಪಣದಲ್ಲಿ ಏಕಾಂತದ ರಾಮಯ್ಯನು ಗೆದ್ದುದನ್ನೂ ಬಿಜ್ಜಳರಾಯನು ಅವನಿಗೆ ‘ಜಯಪತ್ರ’ ಕೊಟ್ಟುದನ್ನೂ ಅದು ಹೇಳುತ್ತದೆ. ಆ ಪವಾಡದ ಚರ್ಚೆ ನಮಗಿಲ್ಲಿ ಬೇಡ. ನನ್ನ ಕುತೂಹಲ ಆ ಜಯಪತ್ರವೆಂಬ ಶಬ್ದದ ಮೇಲೆ. ಹನ್ನೆರಡನೆಯ ಶತಮಾನದಲ್ಲಿಯೂ ಗೆದ್ದವರಿಗೆ ಮೂರನೆಯವನ ಸಹಿ ಬೇಕಾಗಿತ್ತು! ಕಲ್ಲು ಕೆತ್ತಿಸಿದವರು ಗೆದ್ದವರ ಕಡೆಯವರು. ಸೋತವರ ಮಾತು ಅಲ್ಲಿಲ್ಲ. ನಮ್ಮ ಅಂಕಪಟ್ಟಿಗಳೂ ಹಾಗೆಯೇ. ಅವುಗಳಲ್ಲಿ ‘ಮುಟ್ಟೇನ್ರೀ ಸರ’ ಎಂಬುದಕ್ಕೆ ಕಾಲಮು ಇರುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವುದು ನಿರ್ಣಾಯಕನ ಖಾಸಗಿ ಲೆಕ್ಕ.

ಆದರೂ ನ್ಯಾಯದ ಭಾರವನ್ನೆಲ್ಲ ಒಬ್ಬನೇ ಹೊರಲಾರ. ಶಿಗ್ಗಾಂವಿ ತಾಲೂಕಿನ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರ ಬಾಳೆಯ ಹಣ್ಣಿನ ಕಥೆಯನ್ನು ನಮ್ಮ ಮಕ್ಕಳು ಒಂದನೆಯ ಇಯತ್ತೆಯಲ್ಲೇ ಕೇಳುತ್ತಾರೆ. ಯಾರೂ ಇಲ್ಲದ ಕಡೆ ಹಣ್ಣು ತಿಂದು ಬನ್ನಿರೆಂದು ಗುರುಗಳು ಹೇಳಿದಾಗ ಎಲ್ಲರೂ ಮೂಲೆ ಹುಡುಕಿ ತಿಂದು ಬಂದರು. ಕನಕರು ಹಣ್ಣನ್ನು ಹಾಗೆಯೇ ಹಿಡಿದು ಮರಳಿದರು. ಕಬಡ್ಡಿಯ ಅಂಕಣದಲ್ಲಿ ಆ ಹಣ್ಣು ದಿನವೂ ಕೈಗೆ ಬರುತ್ತದೆ. ಪಂಚನಿಗೆ ಕಾಣದ ಸ್ಪರ್ಶವಾದಾಗ ತಾನಾಗಿ ಕೈಯೆತ್ತಿ ಹೊರಗೆ ನಡೆಯುವ ಹುಡುಗನಿಗೆ ಬಹುಮಾನವಿಲ್ಲ. ಒಮ್ಮೊಮ್ಮೆ ತನ್ನ ಮಾಸ್ತರನ ಬೈಗಳೂ ಉಂಟು. ಅಂಥವನನ್ನು ಬೈಯದಿರುವಷ್ಟು ನಾವು ಕಲಿತರೆ ಅರ್ಧ ಜಗಳ ಮುಗಿದಂತೆ.

ಮರುವರ್ಷ ಅದೇ ಬಯಲಿಗೆ ಹೋದೆ. ಮೂಲೆಯ ಹುಡುಗ ಹತ್ತನೆಯ ಇಯತ್ತೆಗೆ ಬಂದಿದ್ದ. ಅವನು ಆಡಿದ ಪಂದ್ಯದಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಅವನ ತಂಡ ಮೊದಲ ಸುತ್ತಿನಲ್ಲಿಯೇ ಸೋತಿತು. ಸೋತ ಮೇಲೆ ಅಂಕಪಟ್ಟಿಗೆ ಸಹಿ ಮಾಡಲು ಬಂದವನು ನನ್ನನ್ನು ನೋಡಿ ತಲೆ ತಗ್ಗಿಸಲಿಲ್ಲ. ನನಗೆ ಅಷ್ಟು ಸಾಕಾಯಿತು.

ಈಗ ಸೀಟಿ ಹಿಡಿಯುತ್ತಿರುವ ಕಿರಿಯರಿಗೆ ಹೇಳಬೇಕಾದುದು ಹೆಚ್ಚೇನೂ ಇಲ್ಲ. ಪಂದ್ಯಕ್ಕೆ ಮೊದಲು ಇಬ್ಬರೂ ನಾಯಕರನ್ನು ಕರೆದುಕೊಂಡು ಅಂಕಣದ ನಾಲ್ಕೂ ಮೂಲೆ ನಡೆಯಿರಿ. ನಿಯಮವನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳಿರಿ. ಒಂದು ತಂಡದವರ ಬುತ್ತಿಯಲ್ಲಿ ಕೈಯಿಡಬೇಡಿರಿ. ಮೊದಲ ನಿಮಿಷದ ತಪ್ಪು ಕೊನೆಯ ನಿಮಿಷದಲ್ಲಿಯೂ ತಪ್ಪೇ ಆಗಿರಲಿ. ಅರ್ಧ ಆಟ ಮುಗಿಯುವಷ್ಟರಲ್ಲಿ ಬರಿಗಾಲುಗಳ ಕೆಳಗೆ ಸುಣ್ಣ ಅಳಿಸಿ ಹೋಗಿರುತ್ತದೆ. ಆಗ ಚಹಾದ ಕಪ್ಪು ಬದಿಗಿಟ್ಟು, ಬುಟ್ಟಿ ತರಿಸಿ, ಗೆರೆಯನ್ನು ಮತ್ತೆ ಎಳೆಯಿರಿ.

ಬಿಸಿಲಿರುತ್ತದೆ.